ಅಠಾರ ಕಚೇರಿ

ಬೆಂಗಳೂರಿನ ಅಂಬೇಡ್ಕರ್ ವೀಧಿಯಲ್ಲಿ ವಿಧಾನಸೌಧಕ್ಕೆ ಎದುರಾಗಿ, ಕಬ್ಬನ್ ಉದ್ಯಾನಕ್ಕೆ ಅಂಟಿಕೊಂಡು ನಿಂತಿರುವ ಕೆಂಪು ಬಣ್ಣದ ಎರಡಂತಸ್ತಿನ ಉದ್ದನೆಯ ಕಟ್ಟಡ. ಕೆಲಸ ಮೊದಲಾದದ್ದು 1864ರಲ್ಲಿ, ಮುಗಿದದ್ದು 1868ರಲ್ಲಿ. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಹೈರಮ್ ಸ್ಯಾಂಕಿ ಇದರ ನಕ್ಷೆ ಬರೆದ. ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ ಗುತ್ತಿಗೆ ಹಿಡಿದು ಕಟ್ಟಿಸಿದರು. ಇಂದು ಇಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಪ್ರಧಾನ ಪೀಠವಿದೆ. ಜನ ಇದನ್ನು ಹೈಕೋರ್ಟ್ ಎಂದೇ ಗುರುತಿಸುತ್ತಾರೆ. ಹಳಬರ ಬಾಯಲ್ಲಿ ಮಾತ್ರ ಅಟ್ಟಾರ ಕಚೇರಿ ಎಂಬ ಹೆಸರು ಇನ್ನೂ ಉಳಿದಿದೆ.

ನಮ್ಮ ದೇಶದ ದೊಡ್ಡ ಹೈಕೋರ್ಟ್ ಕಟ್ಟಡಗಳ ಸಾಲಿನಲ್ಲಿ ಇದರ ಸ್ಥಾನ ಬೇರೆಯೇ. ಕಲ್ಕತ್ತೆಯ ಹೈಕೋರ್ಟ್ 1872ರಲ್ಲಿ, ಬೊಂಬಾಯಿಯದು 1878ರಲ್ಲಿ, ಮದರಾಸಿನದು 1892ರಲ್ಲಿ ಎದ್ದವು. ಮೂರನ್ನೂ ನ್ಯಾಯಾಲಯಕ್ಕೆಂದೇ ಕಟ್ಟಿದ್ದು. ಮೊದಲೆರಡು ಚೂಪು ಕಮಾನಿನ ಗಾಥಿಕ್ ಶೈಲಿಯವು, ಮೂರನೆಯದು ಗುಮ್ಮಟಗಳ ಇಂಡೋ-ಸಾರ್ಸೆನಿಕ್ ಶೈಲಿಯದು. ಬೆಂಗಳೂರಿನ ಈ ಕಟ್ಟಡ ಆ ಮೂರಕ್ಕಿಂತಲೂ ಹಳೆಯದು. ಆದರೆ ಇದನ್ನು ನ್ಯಾಯಾಲಯಕ್ಕಾಗಿ ಕಟ್ಟಲಿಲ್ಲ. ಸರ್ಕಾರದ ಕಚೇರಿಗಳೆಲ್ಲ ಒಂದೇ ಸೂರಿನಡಿ ಇರಲೆಂದು ಕಟ್ಟಿದ್ದು ಇದು. ಉಳಿದ ಕಚೇರಿಗಳು ಒಂದೊಂದಾಗಿ ಹೊರನಡೆದವು, ನ್ಯಾಯಾಲಯ ಉಳಿಯಿತು. ಮುಂದೊಂದು ದಿನ ಕಟ್ಟಡವೇ ಉಳಿಯುವುದೋ ಇಲ್ಲವೋ ಎಂಬ ಪ್ರಶ್ನೆ ಬಂದಾಗ ಅದನ್ನು ವಿಚಾರಿಸಿದ್ದೂ ಆ ನ್ಯಾಯಾಲಯವೇ.

ಹೆಸರು

ಅಠಾರ ಎಂದರೆ ಹಿಂದೂಸ್ತಾನಿಯಲ್ಲಿ ಹದಿನೆಂಟು. 1868ರಲ್ಲಿ ಸರ್ಕಾರದ ಹದಿನೆಂಟು ಇಲಾಖೆಗಳು ಇಲ್ಲಿಗೆ ಬಂದವು, ಅದರಿಂದ ಈ ಹೆಸರು ಎಂಬುದು ಸಾಮಾನ್ಯ ವಿವರಣೆ. ಅದು ಸರಿಯೇ, ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಹೆಸರು ಕಟ್ಟಡಕ್ಕಿಂತ ಬಹಳ ಹಳೆಯದು. 1673ರಿಂದ 1704ರವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯ ಔರಂಗಜೇಬನ ದರ್ಬಾರಿಗೆ ರಾಯಭಾರ ಕಳಿಸಿದ್ದ. ಆ ರಾಯಭಾರಿಗಳು ಮರಳಿದ ಮೇಲೆ, ಮೊಗಲರ ಆಡಳಿತದ ಮಾದರಿಯಲ್ಲಿ ತನ್ನ ರಾಜ್ಯದ ಕೆಲಸವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದ ಎಂದು ಮೈಸೂರಿನ ಇತಿಹಾಸಗಳು ಹೇಳುತ್ತವೆ. ಅಠಾರ ಕಚೇರಿ ಎಂಬ ಮಾತು ಬಳಕೆಗೆ ಬಂದದ್ದು ಆಗ.

ಆ ಚಾವಡಿಗಳ ಹೆಸರುಗಳನ್ನು ಓದಿದರೆ ಅಂದಿನ ರಾಜ್ಯದ ದಿನಚರಿಯೇ ಕಣ್ಣಿಗೆ ಕಟ್ಟುತ್ತದೆ. ಲೆಕ್ಕಪತ್ರಕ್ಕೆ ಆಯಕಟ್ಟಿನ ಚಾವಡಿ. ತೆರಿಗೆಗೆ ಸುಂಕದ ಚಾವಡಿ. ಗೂಢಚಾರಿಕೆಗೂ ಟಪಾಲಿಗೂ ಬೇಹಿನ ಚಾವಡಿ. ಗುಡಿಗಳಿಗೆ ದೇವಸ್ಥಾನದ ಚಾವಡಿ. ಕಬ್ಬಿಣದ ಚಾವಡಿ, ಹೊಗೆಸೊಪ್ಪಿನ ಚಾವಡಿ ಬೇರೆ ಬೇರೆ. ಅರಮನೆಯ ದನಗಳ ಹಿಂಡನ್ನು ನೋಡಿಕೊಳ್ಳುತ್ತಿದ್ದದ್ದು ಬೆಣ್ಣೆ ಚಾವಡಿ. ಅದಕ್ಕೇ ಮುಂದೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ, ಆ ಹೆಸರು ಒಂದು ದನದ ತಳಿಗೆ ಇಂದಿಗೂ ಅಂಟಿಕೊಂಡಿದೆ. ಈ ಲೇಖನಕ್ಕೆ ಹತ್ತಿರವಾದದ್ದು ನಿರೂಪದ ಚಾವಡಿ. ಪ್ರಜೆಗಳ ಅರ್ಜಿಗಳನ್ನು ದೊರೆಗೆ ಅರಿಕೆ ಮಾಡಿ, ಬಂದ ಅಪ್ಪಣೆಯನ್ನು ದಾಖಲಿಸಿ ತಲುಪಿಸುವುದು ಅದರ ಕೆಲಸ. ಇಂದು ಅಠಾರ ಕಚೇರಿಯಲ್ಲಿ ನಡೆಯುವುದೂ ಅರ್ಜಿಯ ವ್ಯವಹಾರವೇ. ಅರ್ಜಿ ಕೊಡುವವನು ಪ್ರಜೆಯಲ್ಲ, ನಾಗರಿಕ. ಕೇಳುವವನು ದೊರೆಯಲ್ಲ, ನ್ಯಾಯಾಧೀಶ. ಈ ವ್ಯತ್ಯಾಸ ಆಗುವುದಕ್ಕೆ ಎರಡೂವರೆ ಶತಮಾನ ಹಿಡಿಯಿತು.

ಕೋಟೆಯ ಅರಮನೆಯಿಂದ ಹೊರಗೆ

ನಗರ ಸೀಮೆಯ ದಂಗೆಯ ನಂತರ, 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡು ಕಮಿಷನ್ ಆಳ್ವಿಕೆಯನ್ನು ಹೇರಿದರು. ಆಡಳಿತದ ಕೇಂದ್ರ ಬೆಂಗಳೂರಿಗೆ ಬಂತು. ಬಂದ ಕಚೇರಿಗೆ ಕಟ್ಟಡ ಇರಲಿಲ್ಲ. ಕೋಟೆಯೊಳಗೆ ವೆಂಕಟರಮಣ ದೇವಸ್ಥಾನದ ಪಕ್ಕದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ ಖಾಲಿ ಇತ್ತು. ಹೈದರ್ 1781ರಲ್ಲಿ ಆರಂಭಿಸಿ ಟಿಪ್ಪು 1791ರಲ್ಲಿ ಮುಗಿಸಿದ ತೇಗದ ಕಂಬಗಳ ಅರಮನೆ ಅದು. ತಂಗಾಳಿಯಲ್ಲಿ ಕೂತು ದರ್ಬಾರು ನಡೆಸುವುದಕ್ಕೆ ಕಟ್ಟಿದ ಆ ಮನೆಯಲ್ಲಿ ಮೂವತ್ತೇಳು ವರ್ಷ ಕಾಗದಪತ್ರಗಳು ಬೆಳೆದವು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ನ ಆಡಳಿತವೆಲ್ಲ ನಡೆದದ್ದು ಈ ಕಾಲದಲ್ಲೇ.

1862ರಲ್ಲಿ ಕಮಿಷನರಾಗಿ ಬಂದ ಲೆವಿನ್ ಬೌರಿಂಗ್ ಆಡಳಿತವನ್ನು ಹೊಸದಾಗಿ ಜೋಡಿಸಿದ. ಸಂಸ್ಥಾನ ನಂದಿದುರ್ಗ, ಅಷ್ಟಗ್ರಾಮ, ನಗರ ಎಂಬ ಮೂರು ವಿಭಾಗಗಳಾಗಿ, ಅವುಗಳ ಕೆಳಗೆ ಎಂಟು ಜಿಲ್ಲೆಗಳಾಗಿ ಹಂಚಿಹೋಯಿತು. ಭೂಮಿಯ ಅಳತೆ, ದಂಡಸಂಹಿತೆ, ವಿಚಾರಣೆಯ ಹೊಸ ನಿಯಮಗಳು ಬಂದವು. ಬೌರಿಂಗ್‌ನ ಆಡಳಿತ ಬರಹದ ಆಡಳಿತ. ಪ್ರತಿಯೊಂದು ಕೆಲಸಕ್ಕೂ ಒಂದು ಕಡತ, ಪ್ರತಿಯೊಂದು ಕಡತಕ್ಕೂ ಒಂದು ಕೋಣೆ ಬೇಕಾಯಿತು. ಬೇಸಿಗೆ ಅರಮನೆ ಸಾಲಲಿಲ್ಲ.

ಹೊಸ ಕಟ್ಟಡಕ್ಕೆ ಆರಿಸಿದ ಜಾಗದಲ್ಲೇ ಒಂದು ಅರ್ಥವಿದೆ. ಆಗ ಬೆಂಗಳೂರು ಎಂದರೆ ಎರಡು ಊರು: ಪಶ್ಚಿಮಕ್ಕೆ ಕೆಂಪೇಗೌಡನ ಕಾಲದ ಪೇಟೆ, ಪೂರ್ವಕ್ಕೆ 1809ರಿಂದ ಬೆಳೆದ ದಂಡು. ಎರಡರ ನಡುವೆ ಬಯಲು. ಅಠಾರ ಕಚೇರಿ ಎದ್ದದ್ದು ಆ ನಡುವಿನ ಬಯಲಿನಲ್ಲಿ. ದಂಡಿನ ಸಾಹೇಬನಿಗೂ ಪೇಟೆಯ ಶಾನುಭೋಗನಿಗೂ ಸಮದೂರ ಎನ್ನಬಹುದು. ಕಟ್ಟಡ ಮುಗಿದ ಎರಡು ವರ್ಷಕ್ಕೆ, 1870ರಲ್ಲಿ, ಅದೇ ಬಯಲಿನಲ್ಲಿ ಸ್ಯಾಂಕಿ ಒಂದು ಉದ್ಯಾನವನ್ನು ರೂಪಿಸಿದ. ಆಗಿನ ಹಂಗಾಮಿ ಕಮಿಷನರ್ ಜಾನ್ ಮೀಡ್‌ನ ಹೆಸರನ್ನು ಮೊದಲು ಹೊತ್ತ ಅದು ಬಳಿಕ ಕಬ್ಬನ್ ಪಾರ್ಕ್ ಆಯಿತು. 1927ರಿಂದ ಅಧಿಕೃತವಾಗಿ ಚಾಮರಾಜೇಂದ್ರ ಉದ್ಯಾನ. ಕಚೇರಿ ಮೊದಲು ಬಂತು, ಉದ್ಯಾನ ಆಮೇಲೆ ಎಂಬುದನ್ನು ಮರೆಯುವವರೇ ಹೆಚ್ಚು. ಇಂದಿನ ಹಸಿರನ್ನು ನೋಡಿದವರಿಗೆ ಕಾಡಿನ ಅಂಚಿನಲ್ಲಿ ಕಟ್ಟಡ ಕಟ್ಟಿದಂತೆ ಕಾಣುತ್ತದೆ.

ಕಟ್ಟಿದವರು

ಸ್ಯಾಂಕಿ 1829ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದವನು, ಸೇನೆಯ ಎಂಜಿನಿಯರ್. ಬೆಂಗಳೂರಿನ ಮೇಲೆ ಈತನಷ್ಟು ಗುರುತು ಬಿಟ್ಟುಹೋದ ಎಂಜಿನಿಯರುಗಳು ವಿಶ್ವೇಶ್ವರಯ್ಯನವರ ಕಾಲಕ್ಕೆ ಮೊದಲು ಕಡಿಮೆ. ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ 1877ರ ಕಟ್ಟಡ ಈತನ ನಕ್ಷೆಯದು. ಅದರ ಬಣ್ಣವೂ ಕೆಂಪು, ಮುಖವೂ ಅಠಾರ ಕಚೇರಿಯ ಸಣ್ಣ ತಂಗಿಯಂತಿದೆ. ಮಲ್ಲೇಶ್ವರ ಮತ್ತು ಸದಾಶಿವನಗರದ ನಡುವಿನ, 1882ರಲ್ಲಿ ಕಟ್ಟಿದ ಕೆರೆಗೆ ಈತನದೇ ಹೆಸರು. ರಾಜಾಜಿನಗರದ ಕಡೆಯಿಂದ ಬೆಳಗಿನ ನಡಿಗೆಗೆ ಸ್ಯಾಂಕಿ ಕೆರೆಯ ಏರಿಗೆ ಹೋಗುವ ಹಿರಿಯರು ಎಷ್ಟೋ ಮಂದಿ. ಆ ಏರಿಯ ಸ್ಯಾಂಕಿಯೇ ಹೈಕೋರ್ಟಿನ ಸ್ಯಾಂಕಿ ಎಂದು ತಿಳಿದರೆ ಎರಡೂ ಜಾಗಗಳು ಹತ್ತಿರವಾಗುತ್ತವೆ. ಮೈಸೂರು ಸೀಮೆಯ ರೈತರು ಕಟ್ಟಿಕೊಂಡಿದ್ದ ಸರಣಿ ಕೆರೆಗಳನ್ನು ಅಧ್ಯಯನ ಮಾಡಿ ಮೆಚ್ಚಿದವನೂ ಈತ. ಮುಂದೆ ಐರ್ಲೆಂಡಿನ ಲೋಕೋಪಯೋಗಿ ಮಂಡಳಿಯ ಅಧ್ಯಕ್ಷನಾದ. 1908ರಲ್ಲಿ ತೀರಿಕೊಂಡ.

ಗುತ್ತಿಗೆದಾರ ನಾರಾಯಣಸ್ವಾಮಿ ಮೊದಲಿಯಾರ್ ಅವರ ಕಥೆ ಇಷ್ಟೇ ಮುಖ್ಯ, ಆದರೆ ಕಟ್ಟಡದ ಕುರಿತ ಬರಹಗಳಲ್ಲಿ ಒಂದು ಸಾಲಿಗೆ ಮುಗಿದುಬಿಡುತ್ತದೆ. ಬಡತನದಿಂದ ಮೇಲೆ ಬಂದ ವ್ಯಾಪಾರಿ ಅವರು. ನಾಲ್ಕು ಲಕ್ಷ ರೂಪಾಯಿ ಮೀರಿದ ಈ ಸರ್ಕಾರಿ ಕೆಲಸ ಅವರ ಕೈಗೆ ಬಂದದ್ದು ಅವರ ಬದುಕಿನ ತಿರುವು. ಗಳಿಸಿದ ಹಣವನ್ನು ಶಾಲೆಗೆ ಹಾಕಿದರು. 1873ರಲ್ಲಿ ಅವರು ದಂಡು ಪ್ರದೇಶದಲ್ಲಿ ಆರಂಭಿಸಿದ ಶಾಲೆ ಇಂದಿನ ಆರ್‌ಬಿಎಎನ್‌ಎಂ ಶಿಕ್ಷಣ ಸಂಸ್ಥೆಗಳಾಗಿ ಬೆಳೆದಿದೆ. ಆ ಉದ್ದನೆಯ ಅಕ್ಷರಮಾಲೆಯೊಳಗೆ ಅಡಗಿರುವುದು ಅವರದೇ ಹೆಸರು, ಮುಂದೆ ಸಿಕ್ಕ ರಾಯ್ ಬಹಾದ್ದೂರ್ ಬಿರುದಿನ ಸಮೇತ. ಕಟ್ಟಡವೊಂದರ ಲಾಭ ನೂರೈವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿಸುತ್ತಿದೆ ಎಂಬುದು ಅಠಾರ ಕಚೇರಿಯ ಲೆಕ್ಕಪುಸ್ತಕದಲ್ಲಿ ಸೇರಬೇಕಾದ ಸಂಗತಿ.

ಕಟ್ಟಡ

ಕಲ್ಲು ಇಟ್ಟಿಗೆಗಳಿಂದ ಕಟ್ಟಿ, ಮೇಲೆ ಗಿಲಾವು ಮಾಡಿ, ಕೆಂಪು ಬಳಿದ ಕಟ್ಟಡ ಇದು. ಶೈಲಿ ಗ್ರೀಕ್-ರೋಮನ್. ಎರಡು ಸಾವಿರ ವರ್ಷ ಹಿಂದಿನ ಗ್ರೀಕ್ ಗುಡಿಗಳ, ರೋಮನ್ ಸಭಾಭವನಗಳ ಅಂಗಗಳನ್ನು ಹತ್ತೊಂಬತ್ತನೆಯ ಶತಮಾನದ ಯುರೋಪು ಮತ್ತೆ ಬಳಕೆಗೆ ತಂದಿತ್ತು. ಅದರ ವಸಾಹತು ರೂಪ ಇಲ್ಲಿದೆ. ಕಣ್ಣಿಗೆ ಮೊದಲು ಬೀಳುವುದು ಉದ್ದ. ಎತ್ತರಕ್ಕೆ ಹೋಲಿಸಿದರೆ ಉದ್ದ ಎಷ್ಟು ಹೆಚ್ಚೆಂದರೆ, ಹತ್ತಿರ ನಿಂತವರಿಗೆ ಪೂರ್ತಿ ಕಟ್ಟಡ ಒಂದೇ ನೋಟಕ್ಕೆ ಸಿಗುವುದಿಲ್ಲ. ಕಣ್ಣು ಕಂಬದಿಂದ ಕಂಬಕ್ಕೆ, ಕಮಾನಿನಿಂದ ಕಮಾನಿಗೆ ಓಡಬೇಕು.

ಈ ಉದ್ದ ಬೇಸರ ತರದಂತೆ ಸ್ಯಾಂಕಿ ನೋಡಿಕೊಂಡ ಬಗೆ ಸರಳ. ನಡುವೆ ಒಂದು, ಎರಡು ತುದಿಗಳಲ್ಲಿ ಒಂದೊಂದು, ಹೀಗೆ ಮೂರು ಕಡೆ ಮುಖಮಂಟಪಗಳನ್ನು ಮುಂದಕ್ಕೆ ಚಾಚಿ ಅಲ್ಲಿ ಐಯೋನಿಕ್ ಕಂಬಗಳನ್ನು ನಿಲ್ಲಿಸಿದ. ಐಯೋನಿಕ್ ಎಂದರೆ ತಲೆಯ ಎರಡೂ ಬದಿಗೆ ಟಗರಿನ ಕೊಂಬಿನಂತೆ ಸುರುಳಿ ಸುತ್ತಿಕೊಂಡ ಕಂಬ. ಗ್ರೀಕರ ಮೂರು ಬಗೆಯ ಕಂಬಗಳಲ್ಲಿ ಡೋರಿಕ್ ದಪ್ಪ ಮತ್ತು ಬೋಳು, ಕೊರಿಂಥಿಯನ್ ಎಲೆಬಳ್ಳಿಗಳ ಅಲಂಕಾರದ್ದು. ಐಯೋನಿಕ್ ಎರಡರ ನಡುವಿನದು: ಗಾಂಭೀರ್ಯ ಉಂಟು, ಆಡಂಬರವಿಲ್ಲ. ಸರ್ಕಾರಿ ಕಚೇರಿಗೆ ಇದನ್ನೇ ಆರಿಸಿದ್ದು ಒಳ್ಳೆಯ ತೀರ್ಮಾನ ಎಂದೇ ಹೇಳಬೇಕು. ಮೂರು ಮಂಟಪಗಳು ಕಣ್ಣಿಗೆ ತಂಗುದಾಣದಂತೆ. ನಡುವಿನ ಉದ್ದನೆಯ ತೋಳುಗಳು ಹಿಂದೆ ಸರಿದು ನಿಂತು ನೆರಳು ಹಿಡಿಯುತ್ತವೆ.

ಕಟ್ಟಡದ ಹುಟ್ಟು ಕಚೇರಿಯದು ಎಂಬುದನ್ನು ಅದರ ಅಂಗರಚನೆಯೇ ಹೇಳುತ್ತದೆ. ನ್ಯಾಯಾಲಯಕ್ಕೆಂದು ಕಟ್ಟಿದ ಮನೆಗೆ ಒಂದು ಕೇಂದ್ರ ಇರುತ್ತದೆ. ಮುಖ್ಯ ನ್ಯಾಯಾಧೀಶರ ಸಭಾಂಗಣ, ಅದರ ಮೇಲೊಂದು ಗೋಪುರವೋ ಗುಮ್ಮಟವೋ. ಬೊಂಬಾಯಿ, ಮದರಾಸುಗಳಲ್ಲಿ ಅದೇ ಪದ್ಧತಿ. ಇಲ್ಲಿ ಅಂಥ ಶಿಖರವಿಲ್ಲ. ಸಾಲಾಗಿ ಕೋಣೆಗಳು, ಅವಕ್ಕೆ ಉದ್ದಕ್ಕೂ ಮೊಗಸಾಲೆ. ಒಂದು ಇಲಾಖೆಯಿಂದ ಇನ್ನೊಂದಕ್ಕೆ ಕಡತ ಹೊತ್ತ ಜವಾನ ಮಳೆಯಲ್ಲಿ ನೆನೆಯದೆ ಹೋಗಿಬರಬೇಕು, ಬಿಸಿಲು ನೇರವಾಗಿ ಗೋಡೆಗೆ ಬೀಳಬಾರದು, ಗಾಳಿ ಎರಡೂ ಕಡೆಯಿಂದ ಆಡಬೇಕು, ಅರ್ಜಿ ಹಿಡಿದು ಬಂದವರು ಕಾದು ನಿಲ್ಲುವುದಕ್ಕೆ ಜಾಗ ಬೇಕು. ಮೊಗಸಾಲೆ ಈ ನಾಲ್ಕನ್ನೂ ಪೂರೈಸುತ್ತದೆ. ರೂಪ ಗ್ರೀಸಿನದಾದರೂ ಉಪಾಯ ನಮ್ಮ ಜಗಲಿಯದೇ. ವಿದ್ಯುತ್ ಪಂಖಗಳಿಲ್ಲದ ಕಾಲದಲ್ಲಿ ದಪ್ಪ ಗೋಡೆ, ಎತ್ತರದ ಚಾವಣಿ, ಆಳವಾದ ನೆರಳು, ಇವೇ ಬೇಸಿಗೆಗೆ ಮದ್ದಾಗಿದ್ದವು.

ಮುಂದೆ ಈ ಕೋಣೆಗಳೇ ಕೋರ್ಟ್ ಹಾಲುಗಳಾದವು. ಗುಮಾಸ್ತರು ಮೇಜು ಹಾಕಿ ಕೂರುವ ಜಾಗದಲ್ಲಿ ಪೀಠ ಏರಿತು, ಕಟಕಟೆ ಬಂತು, ವಕೀಲರ ಸಾಲು ಕುರ್ಚಿಗಳು ತುಂಬಿದವು. ಅಂದಿನ ಮೊಕದ್ದಮೆಗಳ ಪಟ್ಟಿಯಾದ ಕಾಸ್ ಲಿಸ್ಟ್ ಹಿಡಿದುಕೊಂಡು ಒಂದು ಹಾಲಿನಿಂದ ಇನ್ನೊಂದಕ್ಕೆ ಬೇಗಬೇಗ ನಡೆಯುವ ಕರಿಕೋಟಿನವರಿಗೆ ಇಂದಿಗೂ ಅದೇ ಮೊಗಸಾಲೆಗಳು ದಾರಿ. ಕಡತಕ್ಕಾಗಿ ಕಟ್ಟಿದ ಓಣಿ ವಕೀಲರಿಗೂ ಒದಗಿತು.

ಕೆಂಪು ಬಣ್ಣದ ಬಗ್ಗೆ ಒಂದು ಮಾತು. ಇಟ್ಟಿಗೆಯನ್ನು ಬೋಳಾಗಿ ಬಿಟ್ಟಿದ್ದರಿಂದ ಬಂದ ಕೆಂಪಲ್ಲ ಇದು, ಗಿಲಾವಿನ ಮೇಲೆ ಬಳಿದದ್ದು. ಇಟಲಿಯ ಪಾಂಪೆ ಪಟ್ಟಣದ ಅವಶೇಷಗಳಲ್ಲಿ ಸಿಕ್ಕ ಗೋಡೆಗಳ ಬಣ್ಣದ ಹೆಸರಿನಲ್ಲಿ ಇದನ್ನು ಪಾಂಪೆ ಕೆಂಪು ಎನ್ನುತ್ತಾರೆ. ವಸ್ತುಸಂಗ್ರಹಾಲಯವೂ 1915ರಲ್ಲಿ ಕಬ್ಬನ್ ಉದ್ಯಾನದೊಳಗೆ ಎದ್ದ ಶೇಷಾದ್ರಿ ಅಯ್ಯರ್ ಸ್ಮಾರಕ ಗ್ರಂಥಾಲಯವೂ ಇದೇ ಬಣ್ಣವನ್ನು ಹೊತ್ತವು. ಹಸಿರಿನ ನಡುವೆ ಕೆಂಪು ಎಂಬುದು ಹೀಗೆ ಬೆಂಗಳೂರಿನ ಒಂದು ಗುರುತಾಯಿತು. ಮಳೆ ಬಂದು ನಿಂತ ಸಂಜೆ, ಮರಗಳು ತೊಳೆದಂತಾಗಿರುವಾಗ, ಈ ಬಣ್ಣ ಇನ್ನಷ್ಟು ಗಾಢವಾಗುವುದನ್ನು ನೋಡಬೇಕು.

ಹದಿನೆಂಟರಲ್ಲಿ ಒಂದು

ಅಮೆರಿಕದಂಥ ದೇಶಗಳಲ್ಲಿ ಒಕ್ಕೂಟಕ್ಕೆ ಬೇರೆ, ರಾಜ್ಯಗಳಿಗೆ ಬೇರೆ ನ್ಯಾಯಾಲಯಗಳುಂಟು; ಕಟ್ಟಡಗಳೂ ಬೇರೆ. ನಮ್ಮಲ್ಲಿ ಏಣಿ ಒಂದೇ. ದೆಹಲಿಯಲ್ಲಿ 1937ರಲ್ಲಿ ಫೆಡರಲ್ ಕೋರ್ಟ್ ಎಂಬುದೊಂದು ಹುಟ್ಟಿತ್ತು, 1950ರಲ್ಲಿ ಅದರ ಜಾಗಕ್ಕೆ ಸುಪ್ರೀಂ ಕೋರ್ಟ್ ಬಂತು. ಕೇಂದ್ರದ ಕಾನೂನಿನ ವ್ಯಾಜ್ಯವಿರಲಿ ರಾಜ್ಯದ್ದಿರಲಿ, ಊರಿನ ಮುನ್ಸಿಫ್ ಕೋರ್ಟಿನಿಂದ ಹೊರಟದ್ದು ಹೈಕೋರ್ಟ್ ದಾಟಿಯೇ ದೆಹಲಿಗೆ ಹೋಗಬೇಕು. ಕನ್ನಡ ನಾಡಿನಲ್ಲಿ ಆ ಏಣಿಯ ನಡುಮೆಟ್ಟಿಲು ಅಠಾರ ಕಚೇರಿ.

ಈ ಮೆಟ್ಟಿಲು ಒಮ್ಮೆಗೇ ಸಿದ್ಧವಾದದ್ದಲ್ಲ. ಕಮಿಷನ್ ಆಳ್ವಿಕೆಯ ಆರಂಭದಲ್ಲಿ, 1834ರ ಏರ್ಪಾಟಿನಂತೆ, ಅಮಲ್ದಾರರು, ಸದರ್ ಮುನ್ಸಿಫರು, ಸೂಪರಿಂಟೆಂಡೆಂಟರು, ಅವರ ಮೇಲೆ ಹುಜೂರ್ ಅದಾಲತ್, ಎಲ್ಲಕ್ಕೂ ಮೇಲೆ ಕಮಿಷನರ್. ಕಂದಾಯ ವಸೂಲಿ ಮಾಡುವವನೇ ನ್ಯಾಯ ಹೇಳುವ ಕಾಲ ಅದು. 1856ರಲ್ಲಿ ಹುಜೂರ್ ಅದಾಲತ್ ರದ್ದಾಗಿ ಜುಡಿಷಿಯಲ್ ಕಮಿಷನರ್ ಹುದ್ದೆ ಬಂತು. 1881ರಲ್ಲಿ ರಾಜ್ಯ ಚಾಮರಾಜೇಂದ್ರ ಒಡೆಯರ ಕೈಗೆ ಮರಳಿತು. ಮೂರು ವರ್ಷದ ಮೇಲೆ, 1884ರಲ್ಲಿ, ಮೂವರು ನ್ಯಾಯಾಧೀಶರ ಮೈಸೂರು ಚೀಫ್ ಕೋರ್ಟ್ ಸ್ಥಾಪನೆಯಾಯಿತು. 1930ರಲ್ಲಿ ಅದಕ್ಕೆ ಹೈಕೋರ್ಟ್ ಎಂಬ ಹೆಸರು ಬಂತು.

ಗಮನಿಸಬೇಕಾದ ಒಂದು ವಿಚಿತ್ರವಿದೆ. 1881ರಲ್ಲಿ ರಾಜ್ಯ ಮರಳಿದಾಗಲೂ ಬೆಂಗಳೂರಿನ ದಂಡು ಪ್ರದೇಶವನ್ನು ಬ್ರಿಟಿಷರು ತಮ್ಮಲ್ಲೇ ಇಟ್ಟುಕೊಂಡರು. ಅಲ್ಲಿಯ ವ್ಯಾಜ್ಯಗಳಿಗೆ ಹೈಕೋರ್ಟಿನ ಅಧಿಕಾರ ಬ್ರಿಟಿಷ್ ರೆಸಿಡೆಂಟನದು. ಹೀಗಾಗಿ ಚಿಕ್ಕಪೇಟೆಯ ವ್ಯಾಪಾರಿಯ ಮೇಲ್ಮನವಿ ಅಠಾರ ಕಚೇರಿಯ ಚೀಫ್ ಕೋರ್ಟಿಗೆ ಬಂದರೆ, ಒಂದೆರಡು ಮೈಲಿ ಆಚೆ ದಂಡಿನಲ್ಲಿದ್ದ ಇಂದಿನ ಶಿವಾಜಿನಗರದವನ ಮೇಲ್ಮನವಿ ರೆಸಿಡೆಂಟನ ಬಳಿಗೆ ಹೋಗುತ್ತಿತ್ತು. ಒಂದೇ ಊರಿನೊಳಗೆ ಎರಡು ನ್ಯಾಯದ ಗಡಿ. 1947ರಲ್ಲಿ, ಸ್ವಾತಂತ್ರ್ಯದ ಹೊಸ್ತಿಲಲ್ಲಿ, ದಂಡು ಪ್ರದೇಶ ಮೈಸೂರಿಗೆ ಮರಳಿದ ಮೇಲೆ ಆ ಗಡಿ ಅಳಿಯಿತು.

ಇಷ್ಟು ಕಾಲವೂ ನ್ಯಾಯಾಲಯ ಈ ಕಟ್ಟಡದ ಹಲವು ಒಕ್ಕಲುಗಳಲ್ಲಿ ಒಂದು ಮಾತ್ರ. ಸಂಸ್ಥಾನದ ಸಚಿವಾಲಯ ಇಲ್ಲೇ ಇತ್ತು. ರಾಜಧಾನಿ ಮೈಸೂರಾದರೂ ಆಡಳಿತ ನಡೆಯುತ್ತಿದ್ದದ್ದು ಬೆಂಗಳೂರಿನಿಂದ. ರಸ್ತೆ, ಕೆರೆ, ರೈಲು, ವಿದ್ಯುತ್ತು, ಶಾಲೆ, ಈ ಎಲ್ಲದರ ಕಡತಗಳೂ ಇದೇ ಮೊಗಸಾಲೆಗಳಲ್ಲಿ ಓಡಾಡಿದವು. 1952ರ ಜೂನ್ 18ರಂದು, ಮೊದಲ ಮಹಾಚುನಾವಣೆಯಲ್ಲಿ ಆರಿಸಿಬಂದ ಮೈಸೂರು ವಿಧಾನಸಭೆ ತನ್ನ ಮೊದಲ ಕಲಾಪ ನಡೆಸಿದ್ದು ಸಹ ಈ ಕಟ್ಟಡದ ಒಂದು ಸಭಾಂಗಣದಲ್ಲೇ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ, ಮೂರೂ ಒಂದೇ ಸೂರಿನಡಿ ಸೇರಿದ್ದ ಆ ಕೆಲವು ವರ್ಷಗಳು ಅಠಾರ ಕಚೇರಿಯ ಇತಿಹಾಸದ ಅತ್ಯಂತ ತುಂಬಿದ ಕಾಲ.

ಎದುರು ಮನೆ

ಅಷ್ಟರಲ್ಲಿ ಎದುರಿಗೆ ಇನ್ನೊಂದು ಕಟ್ಟಡಕ್ಕೆ ಕಲ್ಲು ಬಿದ್ದಿತ್ತು. 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ವಿಧಾನಸೌಧಕ್ಕೆ ಅಡಿಗಲ್ಲಿಟ್ಟರು. ಮರುವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಮೊದಲಿನ ನಕ್ಷೆಯನ್ನು ಬದಿಗಿರಿಸಿ, ಬಿ. ಆರ್. ಮಾಣಿಕ್ಯಂ ಅವರಿಂದ ದ್ರಾವಿಡ ಶಿಲ್ಪದ ಹೊಸ ರೂಪವನ್ನು ಮಾಡಿಸಿದರು. ಊರು ನೋಡಲು ಬಂದ ರಷ್ಯನ್ ನಿಯೋಗವೊಂದು, ಇವೆಲ್ಲ ಯುರೋಪಿನ ಕಟ್ಟಡಗಳಾದವು, ನಿಮ್ಮದೇ ವಾಸ್ತುಶಿಲ್ಪ ಇಲ್ಲವೇ ಎಂದು ಕೇಳಿದ್ದು ಅವರ ಮನಸ್ಸಿಗೆ ನಾಟಿತು ಎಂದು ಹೇಳುವುದುಂಟು. ಆ ಮಾತು ಬಂದಿದ್ದರೆ, ಅಠಾರ ಕಚೇರಿಯ ಐಯೋನಿಕ್ ಕಂಬಗಳೂ ಅದಕ್ಕೆ ಕಾರಣವಾಗಿರಬಹುದು. 1956ರ ಡಿಸೆಂಬರ್ 19ರಂದು ವಿಧಾನಸಭೆ ಹೊಸ ಸೌಧದಲ್ಲಿ ಸೇರಿತು. ಸಚಿವಾಲಯವೂ ಬೀದಿ ದಾಟಿತು. ಕೆಂಪು ಕಟ್ಟಡ ಹೈಕೋರ್ಟಿನ ಪಾಲಾಯಿತು.

ಬೂದುಬಣ್ಣದ ಗ್ರಾನೈಟಿನ ವಿಧಾನಸೌಧ ನೋಡುವವರನ್ನು ತಲೆ ಎತ್ತಿಸುತ್ತದೆ. ಕೆಂಪು ಕಚೇರಿ ಹಾಗಲ್ಲ, ಮರಗಳ ಎತ್ತರಕ್ಕೆ ತಗ್ಗಿ ನಿಂತಿದೆ. ಶಾಸನ ಮಾಡುವ ಮನೆಯೂ ಶಾಸನವನ್ನು ಒರೆಗೆ ಹಚ್ಚುವ ಮನೆಯೂ ಹೀಗೆ ಒಂದು ರಸ್ತೆಯ ಎರಡು ಬದಿಗೆ ಮುಖಾಮುಖಿಯಾಗಿ ನಿಂತಿರುವ ದೃಶ್ಯ ಯಾವ ನಗರಯೋಜಕನ ಕನಸಿನಿಂದಲೂ ಬಂದದ್ದಲ್ಲ. ಜಾಗ ಒದಗಿದ ರೀತಿಯಿಂದ ಬಂದದ್ದು. ಆದರೂ ರಾಜ್ಯಾಂಗದ ಪಾಠವನ್ನು ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಬೀದಿ ಸಿಗುವುದು ಕಷ್ಟ.

ಕೆಡವುವ ಮಾತು

1956ರ ನವೆಂಬರ್ 1ರಂದು ಬೊಂಬಾಯಿ, ಹೈದರಾಬಾದ್, ಮದರಾಸು ರಾಜ್ಯಗಳ ಕನ್ನಡ ಜಿಲ್ಲೆಗಳೂ ಕೊಡಗೂ ಮೈಸೂರಿನೊಂದಿಗೆ ಒಂದಾದವು. ಒಂದು ಸಂಸ್ಥಾನಕ್ಕೆ ಸಾಕಾಗಿದ್ದ ಹೈಕೋರ್ಟಿನ ಮುಂದೆ ಇಡೀ ನಾಡು ಬಂದು ನಿಂತಿತು. ನ್ಯಾಯಾಧೀಶರ ಸಂಖ್ಯೆ ಏರಿತು, ಮೊಕದ್ದಮೆಗಳು ಬೆಳೆದವು, ಹಾಲುಗಳು ಸಾಲದಾದವು. 1973ರಲ್ಲಿ ರಾಜ್ಯದ ಹೆಸರಿನೊಂದಿಗೆ ನ್ಯಾಯಾಲಯದ ಹೆಸರೂ ಕರ್ನಾಟಕವಾಯಿತು. ಕಟ್ಟಡಕ್ಕೆ ನೂರು ದಾಟಿತ್ತು. 1982ರಲ್ಲಿ ಇದನ್ನು ಕೆಡವಿ ಹೊಸದು ಕಟ್ಟುವ ಪ್ರಸ್ತಾವ ಎದ್ದಿತು.

ಅದೇ ಸಮಯಕ್ಕೆ ದೇಶದ ನ್ಯಾಯಶಾಸ್ತ್ರದಲ್ಲೂ ಒಂದು ಬಾಗಿಲು ತೆರೆದಿತ್ತು. ಅಲ್ಲಿಯವರೆಗೆ ಸ್ವಂತ ನಷ್ಟವಾದವನು ಮಾತ್ರ ಅರ್ಜಿ ಹಾಕಬೇಕು ಎಂಬ ರೂಢಿ. ಎಸ್. ಪಿ. ಗುಪ್ತಾ ಪ್ರಕರಣದಲ್ಲಿ 1981ರ ಕೊನೆಗೆ ಸುಪ್ರೀಂ ಕೋರ್ಟ್ ಆ ರೂಢಿಯನ್ನು ಸಡಿಲಿಸಿತು. ಸಾರ್ವಜನಿಕ ಹಿತಕ್ಕಾಗಿ ಯಾರಾದರೂ ಕೇಳಬಹುದು ಎಂದಾಯಿತು. ಹಳೆಯ ಕಟ್ಟಡ ಬಿದ್ದರೆ ಯಾರ ಮನೆಯೂ ಬೀಳುವುದಿಲ್ಲ, ಯಾರ ಜಮೀನೂ ಹೋಗುವುದಿಲ್ಲ. ಹೋಗುವುದು ಎಲ್ಲರದು. ಊರಿನ ಪರವಾಗಿ ಅರ್ಜಿ ದಾಖಲಾಯಿತು. ಕರ್ನಾಟಕದ ಮೊದಲ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳ ಸಾಲಿನಲ್ಲಿ ಅದನ್ನು ಎಣಿಸುತ್ತಾರೆ.

ವಿಚಾರಣೆ ನಡೆದದ್ದು ಕೆಡವಬೇಕೆಂದಿದ್ದ ಆ ಕಟ್ಟಡದೊಳಗೇ. ವಾದಿಸುವವರು ನಿಂತಿದ್ದ ನೆಲ, ಕೇಳುವವರು ಕೂತಿದ್ದ ಕೋಣೆ, ಎರಡೂ ವ್ಯಾಜ್ಯದ ವಸ್ತು. ಹೊಸ ಕಟ್ಟಡ ಬಂದರೆ ಅನುಕೂಲವಾಗುತ್ತಿದ್ದದ್ದು ನ್ಯಾಯಾಲಯಕ್ಕೇ ಎಂಬುದನ್ನು ನೆನೆದರೆ ಈ ಪ್ರಕರಣದ ತೂಕ ತಿಳಿಯುತ್ತದೆ. ಕೊನೆಗೆ ಕೆಡವುವ ಯೋಜನೆ ನಿಂತಿತು. ಜಾಗದ ಕೊರತೆಯನ್ನು ಹಿಂಬದಿಯಲ್ಲಿ ಹೊಸ ಬ್ಲಾಕುಗಳನ್ನು ಕಟ್ಟಿ ತುಂಬಿಸಿಕೊಂಡರು. ಅವುಗಳಿಗೆ ಹಳೆಯದರ ಕೆಂಪನ್ನು ಬಳಿದರೂ ಹಳೆಯದರ ಅಳತೆ ಬರಲಿಲ್ಲ ಎಂಬುದು ನೋಡಿದವರಿಗೆ ಗೊತ್ತು. ಆದರೆ ಮುಂಭಾಗ ಉಳಿಯಿತು. ಬೆಂಗಳೂರಿನಲ್ಲಿ ಹಳೆಯ ಬಂಗಲೆಗಳು, ಚಿತ್ರಮಂದಿರಗಳು, ಮಾರುಕಟ್ಟೆಗಳು ಸಾಲುಸಾಲಾಗಿ ನೆಲಕ್ಕುರುಳಿದ ಮುಂದಿನ ದಶಕಗಳನ್ನು ಕಂಡ ಮೇಲೆ, ಈ ಉಳಿವು ಎಷ್ಟು ದೊಡ್ಡದೆಂಬುದು ಅರಿವಾಗುತ್ತದೆ.

ಕಕ್ಷಿದಾರರ ದೂರ, ಭಾಷೆಯ ದೂರ

ಸಂವಿಧಾನದ 226ನೇ ವಿಧಿ ಹೈಕೋರ್ಟಿಗೆ ರಿಟ್ ಅಧಿಕಾರವನ್ನು ಕೊಟ್ಟಿದೆ. ಸರ್ಕಾರ ತಪ್ಪಿದರೆ ಸಾಮಾನ್ಯನೊಬ್ಬ ನೇರವಾಗಿ ಇಲ್ಲಿಗೆ ಬಂದು ತಡೆಯಾಜ್ಞೆ ಕೇಳಬಹುದು. ಕಾಗದದ ಮೇಲೆ ಇರು‌ವ ಈ ಹಕ್ಕಿಗೂ ಬೀದರಿನ ರೈತನಿಗೂ ನಡುವೆ ಏಳುನೂರು ಕಿಲೋಮೀಟರ್ ಇತ್ತು. ಒಂದು ರಾತ್ರಿಯ ಬಸ್ಸು, ವಸತಿಗೃಹ, ವಕೀಲರ ಫೀಸು, ವಾಯಿದೆ ಮುಂದಕ್ಕೆ ಹೋದರೆ ಮತ್ತೆ ಇದೇ ದಾರಿ. ಉತ್ತರ ಕರ್ನಾಟಕದ ವಕೀಲರೂ ಜನರೂ ದಶಕಗಳ ಕಾಲ ಪೀಠಕ್ಕಾಗಿ ಹೋರಾಡಿದರು. 2008ರ ಜುಲೈ 4ರಂದು ಧಾರವಾಡದಲ್ಲಿ, ಮರುದಿನ ಕಲಬುರಗಿಯಲ್ಲಿ ಸಂಚಾರಿ ಪೀಠಗಳು ಆರಂಭವಾದವು. 2013ರ ಆಗಸ್ಟಿನಲ್ಲಿ ಅವು ಕಾಯಂ ಆದವು. ಅಠಾರ ಕಚೇರಿ ಅಂದಿನಿಂದ ಪ್ರಧಾನ ಪೀಠ.

ಭಾಷೆಯ ದೂರ ಇನ್ನೂ ಉಳಿದಿದೆ. ತಾಲ್ಲೂಕಿನ ಕೋರ್ಟಿನಲ್ಲಿ ಕನ್ನಡದಲ್ಲಿ ಹೇಳಿದ ಸಾಕ್ಷ್ಯ ಇಲ್ಲಿಗೆ ಬರುವಾಗ ಇಂಗ್ಲಿಷಿಗೆ ತಿರುಗಬೇಕು, ಏಕೆಂದರೆ ಸಂವಿಧಾನದ 348ನೇ ವಿಧಿಯಂತೆ ಹೈಕೋರ್ಟಿನ ಭಾಷೆ ಇಂಗ್ಲಿಷ್. ತನ್ನ ಜಮೀನಿನ ವಿಷಯವನ್ನು ತನ್ನೆದುರೇ ವಾದಿಸುತ್ತಿದ್ದರೂ ಏನಾಯಿತೆಂದು ಹೊರಬಂದ ಮೇಲೆ ವಕೀಲರನ್ನು ಕೇಳಿ ತಿಳಿಯುವ ಕಕ್ಷಿದಾರರು ಈ ಮೊಗಸಾಲೆಯಲ್ಲಿ ದಿನವೂ ಸಿಗುತ್ತಾರೆ. ನಿರೂಪದ ಚಾವಡಿಯ ಕಾಲದಲ್ಲಿ ಅರಿಕೆಗೂ ಅಪ್ಪಣೆಗೂ ಇದ್ದ ನುಡಿ, ನಾಡು ಒಂದಾಗಿ ಇಷ್ಟು ವರ್ಷವಾದ ಮೇಲೂ ಮೇಲಿನ ಪೀಠಕ್ಕೆ ಪೂರ್ತಿಯಾಗಿ ಏರಿಲ್ಲ ಎನ್ನುವುದು ನೋವಿನ ಸಂಗತಿ.

ಈ ಪೀಠದಿಂದ ಮೇಲೇರಿದವರು ಹಲವರು. ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ಕೆ. ಎಸ್. ಹೆಗ್ಡೆ ಅವರು ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿಯಾಗಿ, ಬಳಿಕ ಸುಪ್ರೀಂ ಕೋರ್ಟಿಗೆ ಹೋದರು. 1973ರಲ್ಲಿ ಹಿರಿತನವನ್ನು ಕಡೆಗಣಿಸಿ ಬೇರೆಯವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿದಾಗ ರಾಜೀನಾಮೆ ಕೊಟ್ಟು ಹೊರಬಂದರು. ಇ. ಎಸ್. ವೆಂಕಟರಾಮಯ್ಯ, ಎಂ. ಎನ್. ವೆಂಕಟಾಚಲಯ್ಯ, ಎಸ್. ರಾಜೇಂದ್ರಬಾಬು ಇಲ್ಲಿಂದ ಹೋಗಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದರು. ಇಲ್ಲೇ ನ್ಯಾಯಾಧೀಶರಾಗಿ ನಿವೃತ್ತರಾದ ಕೆ. ಎಸ್. ಪುಟ್ಟಸ್ವಾಮಿ ಅವರದು ಬೇರೆ ದಾರಿ. ಇಳಿವಯಸ್ಸಿನಲ್ಲಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿದಾರರಾಗಿ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಜೀವಮಾನವಿಡೀ ಅರ್ಜಿ ಕೇಳಿದವರು ಅರ್ಜಿ ಹಿಡಿದು ನಿಂತರು.

ಇಂದು

ಇಟಲಿ ಮೂಲದ ಶಿಲ್ಪಿ ಮರೋಕೆಟ್ಟಿ ರೂಪಿಸಿದ, ಕುದುರೆಯ ಮೇಲೆ ಕೂತ ಮಾರ್ಕ್ ಕಬ್ಬನ್‌ನ ಕಂಚಿನ ಪ್ರತಿಮೆ ಬಹುಕಾಲ ಹೈಕೋರ್ಟಿನ ಆವರಣದಲ್ಲಿತ್ತು. 1866ರಲ್ಲಿ ಪರೇಡ್ ಮೈದಾನದಲ್ಲಿ ಅನಾವರಣಗೊಂಡು ಆಮೇಲೆ ಇಲ್ಲಿಗೆ ಬಂದಿದ್ದ ಅದನ್ನು 2020ರ ಜೂನ್‌ನಲ್ಲಿ ಉದ್ಯಾನದೊಳಕ್ಕೆ, ಬ್ಯಾಂಡ್‌ಸ್ಟ್ಯಾಂಡಿನ ಹತ್ತಿರಕ್ಕೆ ಸಾಗಿಸಿದರು. ಟಿಪ್ಪುವಿನ ಅರಮನೆಯಲ್ಲಿ ಕೂತು ಆಳಿದ ಕಬ್ಬನ್, ಅಠಾರ ಕಚೇರಿಯನ್ನು ಕಣ್ಣಿನಿಂದ ನೋಡಿದವನೇ ಅಲ್ಲ. ಕೆಲಸ ಆರಂಭವಾಗುವ ಮೊದಲೇ ತೀರಿಕೊಂಡಿದ್ದ.

ಪ್ರಧಾನ ಪೀಠ ಮತ್ತು ಎರಡು ಪೀಠಗಳಿಗೆ ಸೇರಿ ಮಂಜೂರಾದ ನ್ಯಾಯಾಧೀಶರ ಹುದ್ದೆಗಳು 62. 1884ರ ಮೂವರಿಂದ ಇಲ್ಲಿಗೆ ಬಂದಿದೆ. ಕಟ್ಟಡದ ಒಳಗೆ ಹೋಗಬೇಕಾದರೆ ವಕೀಲರಲ್ಲದವರು ಪಾಸು ಪಡೆಯಬೇಕು. ಪಶ್ಚಿಮ ಬೆಂಗಳೂರಿನವರಿಗೆ ದಾರಿ ಈಗ ಹಗುರ. ಮೊದಲು ವಿಜಯನಗರದಿಂದಲೋ ಬಸವೇಶ್ವರನಗರದಿಂದಲೋ ಮೆಜೆಸ್ಟಿಕ್ಕಿಗೆ ಬಂದು ಬಸ್ಸು ಬದಲಿಸಬೇಕಿತ್ತು. 2016ರ ಏಪ್ರಿಲ್ ಕೊನೆಗೆ ನೇರಳೆ ಮಾರ್ಗದ ಸುರಂಗ ತೆರೆಯಿತು, 2021ರ ಆಗಸ್ಟಿನಲ್ಲಿ ಮೆಟ್ರೊ ಕೆಂಗೇರಿಯವರೆಗೆ ಹೋಯಿತು. ಕೆಂಗೇರಿಯಲ್ಲಿ ಹತ್ತಿದವರು ಎಲ್ಲೂ ಇಳಿಯದೆ ಡಾ. ಬಿ. ಆರ್. ಅಂಬೇಡ್ಕರ್ ನಿಲ್ದಾಣ, ವಿಧಾನಸೌಧ ಎಂಬಲ್ಲಿಗೆ ಬರಬಹುದು. ನೆಲದಡಿಯಿಂದ ಮೆಟ್ಟಿಲೇರಿ ಬಂದರೆ ಒಂದು ಕಡೆ ಬೂದು ಗ್ರಾನೈಟು, ಇನ್ನೊಂದು ಕಡೆ ಮರಗಳ ಸಂದಿಯಲ್ಲಿ ಕೆಂಪು. ಬೆಳಿಗ್ಗೆ ಕಲಾಪ ಶುರುವಾಗುವ ಹೊತ್ತಿಗೆ ಗೇಟಿನ ಬಳಿ ಪ್ಲಾಸ್ಟಿಕ್ ಚೀಲದಲ್ಲಿ ಪಹಣಿ, ಕ್ರಯಪತ್ರ, ತೀರ್ಪಿನ ನಕಲುಗಳನ್ನು ಎದೆಗವಚಿಕೊಂಡು, ತಮ್ಮ ವಕೀಲರ ದಾರಿ ಕಾಯುತ್ತ ನಿಂತವರು ಕಾಣುತ್ತಾರೆ.